ಕರೋಡಗಿರಿ ಹೋಯಿತು, ಗಂಜಿನ ಲೈಸನ್ಸು ಉಳಿಯಿತು

ಹಳೇ ಕಾಯ್ದೆಗಳೆಲ್ಲ ಬ್ರಿಟಿಷರವು, ಕಿತ್ತು ಹಾಕಿದರೆ ವ್ಯಾಪಾರ ಹಗುರಾಗುತ್ತದೆ ಎಂಬ ಮಾತನ್ನು ಹತ್ತು ವರ್ಷದಿಂದ ಕೇಳುತ್ತಿದ್ದೇವೆ. 2014ರಿಂದ ಈಚೆಗೆ ಕೇಂದ್ರ ಸರ್ಕಾರ ರದ್ದು ಮಾಡಿದ ಕಾಯ್ದೆಗಳ ಲೆಕ್ಕ 1,500 ದಾಟಿದೆ. ಸಕ್ಕರೆ ಕಾರ್ಖಾನೆಗಳ ಬಾಯ್ಲರಿಗೆ ಅನ್ವಯಿಸುತ್ತಿದ್ದ 1923ರ ಕಾಯ್ದೆಯೂ 2025ರಲ್ಲಿ ಹೋಗಿ ಅದರ ಜಾಗಕ್ಕೆ ಹೊಸದು ಬಂತು. ಹೋದವುಗಳಲ್ಲಿ ಬಹಳಷ್ಟು ಯಾರಿಗೂ ಬೇಡವಾಗಿದ್ದವು, ಸರಿ.

ಆದರೆ ಜಿಡಗಾ, ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ಈ ಕಥೆ ಸ್ವಲ್ಪ ಬೇರೆ. ನಮ್ಮನ್ನು ನೇರವಾಗಿ ಆಳಿದವರು ನಿಜಾಮರು. ಬ್ರಿಟಿಷರು ಬರೆದ ಎಷ್ಟೋ ಕಾಯ್ದೆಗಳು ಇಲ್ಲಿಗೆ ಬಂದದ್ದೇ ಬ್ರಿಟಿಷರು ಹೋದ ಮೇಲೆ! 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆಯಿತು. 1951ರ ಏಪ್ರಿಲ್ 1ರಿಂದ ದಂಡ ಸಂಹಿತೆ, ಕರಾರು ಕಾಯ್ದೆಯಂಥವು ಹೈದರಾಬಾದ್ ರಾಜ್ಯಕ್ಕೂ ಅನ್ವಯವಾದವು. ಅಲ್ಲಿಯವರೆಗೆ ಇಲ್ಲಿ ನಡೆದದ್ದು ನಿಜಾಮರದೇ ಕಾನೂನು, ಅದೂ ಫಸಲಿ ವರ್ಷದ ಲೆಕ್ಕದಲ್ಲಿ. ಫಸಲಿಗೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ. ಹಳೇ ಜಮೀನು ಕಾಗದ ತೆಗೆದು ನೋಡುವವರಿಗೆ ಇದು ಉಪಯೋಗಕ್ಕೆ ಬಂದೀತು.

ಆ ಕಾಲದ ವ್ಯಾಪಾರಕ್ಕೆ ಇದ್ದ ದೊಡ್ಡ ಅಡ್ಡಗೋಡೆ ಕರೋಡಗಿರಿ, ಅಂದರೆ ನಿಜಾಮರ ಸುಂಕದ ಇಲಾಖೆ. ಆಳಂದದ ಪಶ್ಚಿಮಕ್ಕೆ ಅಕ್ಕಲಕೋಟ ಸಂಸ್ಥಾನ, ಅದರಾಚೆ ಮುಂಬೈ ಪ್ರಾಂತ್ಯದ ಸೊಲ್ಲಾಪುರ. ಆ ಕಡೆಯಿಂದ ಸರಕು ತಂದರೂ ಸುಂಕ, ಈ ಕಡೆಯಿಂದ ಒಯ್ದರೂ ಸುಂಕ. ಈಸ್ಟ್ ಇಂಡಿಯಾ ಕಂಪನಿ 1802ರಲ್ಲಿ ನಿಜಾಮರೊಂದಿಗೆ ಮಾಡಿಕೊಂಡ ವ್ಯಾಪಾರ ಒಪ್ಪಂದದಲ್ಲೇ ನೂರಕ್ಕೆ 5ರ ದರ ಬರೆದಿತ್ತು. ರಾಜ್ಯದ ಒಳಗೂ ಊರೂರಿಗೆ ರಹದಾರಿ ಸುಂಕ ಇದ್ದದ್ದನ್ನು ದಿವಾನ ಸಾಲಾರ್ ಜಂಗ್ 19ನೇ ಶತಮಾನದಲ್ಲಿ ಬಹುಮಟ್ಟಿಗೆ ತೆಗೆಸಿದರು, ಗಡಿಯದ್ದು ಮಾತ್ರ ನಿಂತಿತು. ಸಾಲದ್ದಕ್ಕೆ ನಾಣ್ಯವೂ ಬೇರೆ. ಇಲ್ಲಿಯ ಹಾಲಿ ಸಿಕ್ಕಾ ಸುಮಾರು 7 ರೂಪಾಯಿ ಕೊಟ್ಟರೆ ಬ್ರಿಟಿಷರ ಕಲ್ದಾರ್ 6 ರೂಪಾಯಿ. ಸೊಲ್ಲಾಪುರಕ್ಕೆ ಮಾಲು ಮಾರಲು ಹೋದವನು ಗಡಿಯಲ್ಲೊಮ್ಮೆ, ರೊಕ್ಕ ಬದಲಿಸುವಲ್ಲೊಮ್ಮೆ ಕೈ ಸಡಿಲಿಸಬೇಕಿತ್ತು.

ಭಾರತಕ್ಕೆ ಸೇರಿದ ಮರುದಿನವೇ ಈ ಸುಂಕ ಹೋಯಿತೆಂದು ತಿಳಿಯಬೇಡಿ. ಹೈದರಾಬಾದಿನ ಖಜಾನೆಗೆ ಅದು ದೊಡ್ಡ ಆದಾಯವಾಗಿತ್ತು. ಹಿಂದೆ ಸಂಸ್ಥಾನಗಳಾಗಿದ್ದ ರಾಜ್ಯಗಳು ಇಂಥ ಸುಂಕವನ್ನು ಕೆಲಕಾಲ ಮುಂದುವರಿಸಲು ಸಂವಿಧಾನದ 306ನೇ ವಿಧಿ ಅವಕಾಶ ಕೊಟ್ಟಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆದಾಗ ಆ ವಿಧಿಯೇ ಹೋಯಿತು. ಕರೋಡಗಿರಿ ಹೋದದ್ದಕ್ಕೆ ರೈತರಾಗಲಿ ವ್ಯಾಪಾರಿಗಳಾಗಲಿ ಅಳಲಿಲ್ಲ. ಇಂಥ ಕಾನೂನನ್ನು ರದ್ದು ಮಾಡಲು ಎರಡು ಸಲ ಯೋಚಿಸಬೇಕಾಗಿಲ್ಲ.

ಗಂಜಿನ ಲೈಸನ್ಸಿನ ಕಥೆ ಇಷ್ಟು ಸರಳ ಇಲ್ಲ.

ಅದರ ಬೇರು ಇರುವುದು ಹತ್ತಿಯಲ್ಲಿ. ವಿದರ್ಭದ ಬೇರಾರ್ ಪ್ರದೇಶ ಹೆಸರಿಗೆ ನಿಜಾಮರದು, 1853ರಿಂದ ಆಡಳಿತ ಬ್ರಿಟಿಷರದು. ಮ್ಯಾಂಚೆಸ್ಟರಿನ ಗಿರಣಿಗೆ ಒಳ್ಳೇ ಹತ್ತಿ ಬೇಕಿತ್ತು. ಅದಕ್ಕಾಗಿ 1886ರಲ್ಲಿ ಹೈದರಾಬಾದ್ ರೆಸಿಡೆನ್ಸಿಯ ಆದೇಶದ ಮೇರೆಗೆ ಕಾರಂಜಾದಲ್ಲಿ ದೇಶದ ಮೊದಲ ನಿಯಂತ್ರಿತ ಮಾರುಕಟ್ಟೆ ಶುರುವಾಯಿತು. 1897ರಲ್ಲಿ ಬೇರಾರಿಗೆ ಹತ್ತಿ ಮತ್ತು ಧಾನ್ಯ ಮಾರುಕಟ್ಟೆ ಕಾನೂನು ಬಂತು: ದಲಾಲರಿಗೆ ಲೈಸನ್ಸು, ತೂಕದವರಿಗೆ ಲೈಸನ್ಸು. ಸಮಿತಿಯಲ್ಲಿ ಮೇಲುಗೈ ವ್ಯಾಪಾರಿಗಳದು, ಬೆಳೆದವನಿಗೆ ಕುರ್ಚಿ ಇರಲಿಲ್ಲ. ಬೆಳೆಗಾರರಿಗೂ ಜಾಗ ಸಿಕ್ಕಿದ್ದು 1927ರ ಮುಂಬೈ ಹತ್ತಿ ಮಾರುಕಟ್ಟೆ ಕಾಯ್ದೆಯಲ್ಲಿ.

ಮರುವರ್ಷ ಲಿನ್‌ಲಿತ್‌ಗೋ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗ ವರದಿ ಕೊಟ್ಟಿತು. ಮಾರುಕಟ್ಟೆಯಲ್ಲಿ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವುದು, ತೂಕದಲ್ಲಿ ಮೋಸ, ಧರ್ಮಾರ್ಥ ಅದು ಇದು ಎಂದು ರೈತನ ಹಣ ಮುರಿಯುವುದು ಎಲ್ಲ ಅದರ ಮುಂದೆ ಬಂದವು. ಎಲ್ಲ ಕಡೆ ನಿಯಂತ್ರಿತ ಮಾರುಕಟ್ಟೆ ಬೇಕೆಂದು ಅದು ಹೇಳಿತು. ನಿಜಾಮ ಸರ್ಕಾರ 1339 ಫಸಲಿಯಲ್ಲಿ, ಅಂದರೆ 1930ರ ಹೊತ್ತಿಗೆ, ಹೈದರಾಬಾದ್ ಕೃಷಿ ಮಾರುಕಟ್ಟೆ ಕಾಯ್ದೆ ತಂದಿತು. ನಮ್ಮ ಗಂಜುಗಳ ಕಾನೂನು ಅಲ್ಲಿಂದ ಇಳಿದು ಬಂದದ್ದು.

ಏಕೀಕರಣದ ನಂತರ ಒಂದೇ ರಾಜ್ಯದಲ್ಲಿ ಮಾರುಕಟ್ಟೆಗೆ ಹಲವು ಕಾಯ್ದೆ: ಮೈಸೂರಿನದು, ಮುಂಬೈಯದು, ಮದರಾಸಿನದು, ಹೈದರಾಬಾದಿನದು. 1966ರ ಎಪಿಎಂಸಿ ಕಾಯ್ದೆ ಬಂದು ಅವುಗಳನ್ನು ರದ್ದು ಮಾಡಿತು. ಹೆಸರು ಬದಲಾಯಿತು, ಲೈಸನ್ಸು ಉಳಿಯಿತು. ಜೊತೆಗೆ ಬಹಿರಂಗ ಹರಾಜು, ರೈತನಿಂದ ದಲಾಲಿ ಹಿಡಿಯಬಾರದೆಂಬ ನಿಯಮ, ಹಣ ಕೊಡದ ಖರೀದಿದಾರನ ಮೇಲೆ ದೂರು ಕೊಡಲು ಒಂದು ಕಚೇರಿ ಸಿಕ್ಕವು.

ಕಾಗದದ ಮೇಲೆ ಇದ್ದದ್ದೆಲ್ಲ ಕಟ್ಟೆಯ ಮೇಲೆ ಇರಲಿಲ್ಲ. ಬಿಳಿ ಚೀಟಿಯಲ್ಲಿ ದಲಾಲಿ ಮುರಿಯುವುದು, ಸೂಟು ತೆಗೆಯುವುದು ತೊಗರಿ ಮಾರಿದ ಯಾರಿಗೆ ಗೊತ್ತಿಲ್ಲ? ಲೈಸನ್ಸು ಇದ್ದವರೇ ಒಳಗೊಳಗೆ ಒಂದಾದರೆ ಹರಾಜೂ ನಾಟಕವಾಗುತ್ತದೆ. ಹಾಗಾಗಿ 2020ರಲ್ಲಿ ‘ಇನ್ನು ಎಲ್ಲಿ ಬೇಕಾದರೂ ಮಾರಿ’ ಎಂದಾಗ ಖುಷಿಪಟ್ಟವರನ್ನು ನಾನು ತಪ್ಪೆನ್ನುವುದಿಲ್ಲ. ಗಡಿ ದಾಟಿ ದುಧನಿಗೆ ತೊಗರಿ ಒಯ್ಯುವ ನಮ್ಮ ಕಡೆಯ ರೈತರಿಗೆ ದರ ಸಿಕ್ಕಲ್ಲಿ ಮಾರುವುದು ಹೊಸದೇನೂ ಅಲ್ಲ.

ಆ ವರ್ಷ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು ಎಪಿಎಂಸಿ ಆವರಣದ ಹೊರಗಿನ ಖರೀದಿಗೆ ಇದ್ದ ಕಟ್ಟು ಸಡಿಲಿಸಿತು. ಕೇಂದ್ರದ ಕಾಯ್ದೆ ಇನ್ನೂ ಮುಂದೆ ಹೋಗಿ, ಪ್ಯಾನ್ ಕಾರ್ಡ್ ಇದ್ದವನು ಖರೀದಿ ಮಾಡಬಹುದೆಂದಿತು. ದೆಹಲಿ ಗಡಿಯಲ್ಲಿ ರೈತರು ಸುಮಾರು ಒಂದು ವರ್ಷ ಕುಳಿತ ಮೇಲೆ 2021ರ ನವೆಂಬರಿನಲ್ಲಿ ಕೇಂದ್ರದ ಮೂರೂ ಕಾಯ್ದೆ ವಾಪಸಾದವು. ರಾಜ್ಯದ ತಿದ್ದುಪಡಿ ವಾಪಸಾಗಲಿಲ್ಲ. ಎಪಿಎಂಸಿಗಳ ಸೆಸ್ಸು ಕುಸಿಯಿತು. 2023ರ ಜುಲೈನಲ್ಲಿ ಹಳೇ ವ್ಯವಸ್ಥೆ ಮರಳಿ ತರುವ ಮಸೂದೆಯನ್ನು ವಿಧಾನಸಭೆ ಒಪ್ಪಿತು, ಪರಿಷತ್ತು ಅದನ್ನು ಆಯ್ಕೆ ಸಮಿತಿಗೆ ಕಳಿಸಿತು.

ಎರಡೂ ಹಳೇ ಕಾಲದವೇ. ಕರೋಡಗಿರಿ ಮಾರುವವನ ದಾರಿಗೆ ಅಡ್ಡ ನಿಂತಿತ್ತು. ಗಂಜಿನ ಲೈಸನ್ಸು ಕೊಳ್ಳುವವನ ಕೊರಳಿಗೆ ಕಟ್ಟಿದ ಹಗ್ಗ. ಅದು ಸಡಿಲಾಗಿದೆ, ಅಲ್ಲಲ್ಲಿ ಗೆದ್ದಲು ತಿಂದಿದೆ, ನಿಜ. ಆದರೂ ಮನೆ ಬಾಗಿಲಿಗೆ ಟಂಟಂ ತಂದು ತೊಗರಿ ಒಯ್ದವನು ರೊಕ್ಕ ಕೊಡದೆ ಫೋನ್ ಸ್ವಿಚ್ ಆಫ್ ಮಾಡಿದರೆ, ಎಪಿಎಂಸಿ ಕಾರ್ಯದರ್ಶಿ ಮೊದಲು ಕೇಳುವುದು ಆ ಲೈಸನ್ಸಿನ ನಂಬರನ್ನೇ.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಹೆಸರು ಬೆಳೆಯಿತು, ಹುಡುಕಿಕೊಂಡು ಬರುವ ಖರೀದಿದಾರರೂ ಹೆಚ್ಚುತ್ತಾರೆ. ಈ ಸಲದ ರಾಶಿ ಮುಗಿಸಿ ಮಾರಲು ಹೊರಟಾಗ ಚೀಟಿ ಬಿಳಿಯದೋ ಎಪಿಎಂಸಿಯದೋ, ಅದರ ಮೇಲೆ ಲೈಸನ್ಸಿನ ನಂಬರ್ ಇದೆಯೋ ಇಲ್ಲವೋ ನೋಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.