ಶುಂಠಿ ನಡೆದು ಬಂದ ದಾರಿ

ಕಿಮೋಥೆರಪಿ ಪಡೆಯುವವರನ್ನು ಕಾಡುವ ವಾಕರಿಕೆಗೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಶುಂಠಿ ಕಷಾಯ. ಈ ನಂಬಿಕೆಯ ಹಿಂದೆ ದೀರ್ಘ ಇತಿಹಾಸವಿದೆ.

ಪವಿತ್ರ ಕುರ್‌ಆನ್ (76:17) ಸ್ವರ್ಗದ ಪಾನೀಯವನ್ನು ವರ್ಣಿಸುವಾಗ ‘ಝಂಜಬೀಲ್’ ಅಂದರೆ ಶುಂಠಿಯನ್ನು ಹೆಸರಿಸುತ್ತದೆ. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದಿದ್ದ ಇಬ್ನ್ ಬತೂತ, ಪರ್ಷಿಯಾ ಮತ್ತು ಯಮನ್‌ನ ವರ್ತಕರು ಇಳಿಯುವ ಈ ಊರಿನಲ್ಲಿ ಮೆಣಸು, ಶುಂಠಿ ಹೇರಳವೆಂದು ಬರೆದ. ಅವನಿಗಿಂತ ಮೂರು ಶತಮಾನ ಹಿಂದೆಯೇ ಇಬ್ನ್ ಸೀನಾ ತನ್ನ ‘ಅಲ್ ಕಾನೂನ್’ ಗ್ರಂಥದಲ್ಲಿ ಶುಂಠಿಯನ್ನು ಜೀರ್ಣಕಾರಿ ಎಂದು ದಾಖಲಿಸಿದ್ದ. ಅಷ್ಟೇ ಅಲ್ಲ, ಮದ್ದಿನ ಗುಣವನ್ನು ಪರೀಕ್ಷಿಸಿ ತಿಳಿಯುವ ನಿಯಮಗಳನ್ನೂ ಅದೇ ಗ್ರಂಥದಲ್ಲಿ ಕೊಟ್ಟಿದ್ದ.

1978ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸಿಸ್‌ಪ್ಲಾಟಿನ್ ಅನೇಕರ ಜೀವ ಉಳಿಸಿತು. ಆದರೆ ಅದರ ವಾಂತಿ ಭೀಕರವಾಗಿತ್ತು. 1991ರಲ್ಲಿ ಅಲ್ಲಿ ಬಳಕೆಗೆ ಬಂದ ಒಂಡಾನ್ಸೆಟ್ರಾನ್ ವಾಂತಿಯನ್ನು ಬಹಳಷ್ಟು ತಡೆಯಿತಾದರೂ ವಾಕರಿಕೆ ಪೂರ್ತಿ ತೊಲಗಲಿಲ್ಲ. ಆಗ ವಿಜ್ಞಾನಿಗಳು ಮತ್ತೆ ಶುಂಠಿಯತ್ತ ನೋಡಿದರು. 2012ರಲ್ಲಿ ಪ್ರಕಟವಾದ, 576 ರೋಗಿಗಳ ಅಮೆರಿಕದ ಅಧ್ಯಯನದಲ್ಲಿ ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಶುಂಠಿಯು ಮೊದಲ ದಿನದ ವಾಕರಿಕೆಯನ್ನು ಹೆಚ್ಚು ತಗ್ಗಿಸಿತು. ಬೇರೆ ಕೆಲವು ಅಧ್ಯಯನಗಳಲ್ಲಿ ಪ್ರಯೋಜನ ಕಾಣಲಿಲ್ಲ.

ಒಂದು ಮಾತನ್ನು ಮರೆಯಬಾರದು. ಆ ರೋಗಿಗಳೆಲ್ಲ ವಾಂತಿ ತಡೆಯುವ ಔಷಧಿಯನ್ನೂ ತೆಗೆದುಕೊಂಡಿದ್ದರು. ಶುಂಠಿ ಔಷಧಿಯ ಜೊತೆಗಿತ್ತು, ಅದರ ಬದಲಿಗಲ್ಲ. ರಕ್ತ ತೆಳುಗೊಳಿಸುವ ಔಷಧಿ ಸೇವಿಸುವವರಿಗೆ, ಪ್ಲೇಟ್‌ಲೆಟ್ ಕಡಿಮೆಯಾದವರಿಗೆ ಅದು ಅಪಾಯ ತರಬಹುದು. ಆದ್ದರಿಂದ ಕಷಾಯ ಕುಡಿಯುವ ಮುನ್ನ ವೈದ್ಯರಿಗೆ ತಿಳಿಸಬೇಕು. ಕಷಾಯವನ್ನೇ ನಂಬಿ ಚಿಕಿತ್ಸೆ ಬಿಡುವುದು ಇಬ್ನ್ ಸೀನಾನ ಪರಂಪರೆಯಲ್ಲ. ಪರೀಕ್ಷಿಸಿ ಒಪ್ಪುವುದೇ ಆ ಪರಂಪರೆ.