ರಾಣಿಯ ಕಂಕುಳಿನ ಕುರ

ಹೋದ ತಿಂಗಳು ನನ್ನ ಕತ್ತಿನ ಹಿಂದೆ ಒಂದು ಕುರ ಎದ್ದಿತ್ತು. ಸೂಜಿ ಕಾಯಿಸಿ ಚುಚ್ಚಿಬಿಡೋಣ ಅಂತ ಕೂತಿದ್ದೆ. ಅಮ್ಮ ಸೂಜಿ ಕಿತ್ತುಕೊಂಡು, ಬೈದು, ಡಾಕ್ಟರ ಹತ್ತಿರ ಅಟ್ಟಿದಳು. ಅವರು ಕೊಯ್ದು, ಕೀವು ತೆಗೆದು, ಗಾಯದೊಳಗೆ ಒಂದಿಷ್ಟು ಗಾಜ್ ಬಟ್ಟೆ ತುರುಕಿದರು. ಹೊಲಿಗೆ ಬೇಡವಾ ಸಾರ್ ಅಂದರೆ, "ಒಳಗಿರೋದು ಹೊರಗೆ ಬರಬೇಡ್ವೇನ್ರೀ?" ಅಂದರು. ಆ ಮಾತಿನ ಬೆನ್ನು ಹತ್ತಿ ಓದುತ್ತಾ ಹೋದಾಗ ಸಿಕ್ಕಿದವನು ಜೋಸೆಫ್ ಲಿಸ್ಟರ್.

ಬಾವು ಕೊಯ್ಯುವುದು ಅವನ ಕಾಲಕ್ಕೆ ಹೊಸದೇನಲ್ಲ. ಮಾಗದ ಬಾವನ್ನು ಕೊಯ್ಯುವವನನ್ನೂ, ಮಾಗಿದ್ದನ್ನು ಕೊಯ್ಯದೆ ಬಿಡುವವನನ್ನೂ ನಮ್ಮ ಸುಶ್ರುತ ಸಂಹಿತೆ ಒಟ್ಟಿಗೇ ಬೈಯುತ್ತದೆ. ಭಯವಿದ್ದದ್ದು ಕೊಯ್ದ ಮೇಲೆ. ಬೆನ್ನುಮೂಳೆಯ ಕ್ಷಯದಿಂದಾದ ದೊಡ್ಡ ಬಾವುಗಳನ್ನು ಮುಟ್ಟಲು ಸರ್ಜನ್‌ಗಳೇ ಹೆದರುತ್ತಿದ್ದರು. ಕೀವಿಗೆ ಬಾಗಿಲು ತೆರೆದರೆ ಅದೇ ಬಾಗಿಲಿನಿಂದ ಸೋಂಕು ಒಳನುಗ್ಗಿ ರೋಗಿ ಸಾಯುತ್ತಿದ್ದ.

ಗ್ಲಾಸ್ಗೋದಲ್ಲಿದ್ದ ಲಿಸ್ಟರ್, ಪಾಶ್ಚರನ ಬರಹಗಳನ್ನು ಓದಿಕೊಂಡು, ತಾನು ಕಂಡುಕೊಂಡ ಉಪಾಯವನ್ನು 1867ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ. ಒಂದು ಪಾಲು ಕಾರ್ಬಾಲಿಕ್ ಆಸಿಡ್ಡಿಗೆ ನಾಲ್ಕು ಪಾಲು ಕುದಿಸಿದ ಅಗಸೆ ಎಣ್ಣೆ. ಅದರಲ್ಲಿ ಅದ್ದಿದ ಬಟ್ಟೆಯನ್ನು ಬಾವಿನ ಮೇಲೆ ಹಾಸಬೇಕು. ಬಟ್ಟೆಯ ಕೆಳಗಿನ ಅಂಚನ್ನಷ್ಟೇ ಎತ್ತಿ, ಅದೇ ಎಣ್ಣೆಯಲ್ಲಿ ಅದ್ದಿದ ಚಾಕುವಿನಿಂದ ಕೊಯ್ದು, ತಕ್ಷಣ ಪರದೆಯಂತೆ ಇಳಿಬಿಡಬೇಕು. ಕೀವು ಬಟ್ಟೆಯಡಿಯಿಂದ ಹರಿದುಹೋಗುತ್ತದೆ, ಹೊರಗಿನದು ಒಳಗೆ ಹೋಗುವುದಿಲ್ಲ. ಥೇಟ್ ಫೈರ್‌ವಾಲ್! (ಸಾಫ್ಟ್‌ವೇರಿನವನ ಬುದ್ಧಿ, ಕ್ಷಮಿಸಿ.)

ನನಗೆ ಬಹಳ ಹಿಡಿಸಿದ್ದು 1871ರ ಸೆಪ್ಟೆಂಬರಿನ ಕಥೆ. ವಿಕ್ಟೋರಿಯಾ ರಾಣಿಯ ಕಂಕುಳಲ್ಲಿ ದೊಡ್ಡ ಬಾವು. ಆ ಹೊತ್ತಿಗೆ ಎಡಿನ್‌ಬರೋದಲ್ಲಿದ್ದ ಲಿಸ್ಟರನಿಗೆ ಬಾಲ್ಮೊರಲ್ ಅರಮನೆಯಿಂದ ಕರೆ ಬಂತು. ಕ್ಲೋರೋಫಾರ್ಮ್ ಕೊಟ್ಟು, ಗಾಳಿಗೆಲ್ಲ ಕಾರ್ಬಾಲಿಕ್ ಸಿಂಪಡಿಸುತ್ತಾ ಕೊಯ್ದದ್ದಾಯಿತು. ಸ್ಪ್ರೇ ರಾಣಿಯ ಮುಖಕ್ಕೂ ಹಾರಿತಂತೆ, ಪಾಪ! ಆದರೆ ಮರುದಿನ ನೋಡಿದರೆ, ಗಾಯದೊಳಗಿಟ್ಟ ಬಟ್ಟೆಯೇ ದಾರಿಗೆ ಅಡ್ಡವಾಗಿ ಕೀವು ಸರಿಯಾಗಿ ಇಳಿದಿಲ್ಲ. ಲಿಸ್ಟರ್ ಏನು ಮಾಡಿದ ಗೊತ್ತಾ? ಸ್ಪ್ರೇ ಯಂತ್ರದ ರಬ್ಬರ್ ಕೊಳವೆಯಿಂದ ಒಂದು ತುಂಡು ಕತ್ತರಿಸಿ, ಅದಕ್ಕೆ ತೂತು ಕೊರೆದು, ರಾತ್ರಿಯಿಡೀ ಕಾರ್ಬಾಲಿಕ್‌ನಲ್ಲಿ ನೆನೆಹಾಕಿ, ಬೆಳಿಗ್ಗೆ ಗಾಯದೊಳಗೆ ಇಟ್ಟ. ರಾಣಿ ಗುಣವಾದಳು. (ರಬ್ಬರ್ ಕೊಳವೆ ಇಡುವುದನ್ನು ಫ್ರಾನ್ಸಿನ ಶಸೇನ್ಯಾಕ್ ಆಗಲೇ ಬಳಕೆಗೆ ತಂದಿದ್ದ.)

ಆ ಸ್ಪ್ರೇ ಮಾತ್ರ ಉಳಿಯಲಿಲ್ಲ. ಅಪಾಯ ಗಾಳಿಗಿಂತ ಹೆಚ್ಚಾಗಿ ಕೈ, ಚಾಕು, ಬಟ್ಟೆಗಳಲ್ಲಿದೆ ಅಂತ ತಿಳಿದ ಮೇಲೆ, ಅದನ್ನು ಶಿಫಾರಸು ಮಾಡಿದ್ದಕ್ಕೆ ನಾಚಿಕೆಯಾಗುತ್ತದೆ ಅಂತ 1890ರಲ್ಲಿ ಬರ್ಲಿನ್ನಿನ ಸಮ್ಮೇಳನದಲ್ಲಿ ಲಿಸ್ಟರನೇ ಒಪ್ಪಿಕೊಂಡ. ಗಾಯದ ಬಾಯಿ ಮುಚ್ಚದಂತೆ ನೋಡಿಕೊಳ್ಳುವ ಕ್ರಮ ಉಳಿಯಿತು, ನನ್ನ ಕತ್ತಿನವರೆಗೂ ಬಂತು.

ಸೂಜಿ ಇನ್ನೂ ಅಮ್ಮನ ಹತ್ತಿರವೇ ಇದೆ.