ಲೆಕ್ಕದಿಂದ ಕಳೆದುಹಾಕಿದ ಕೋಶ

ಪುತ್ತೂರಿನ ದರ್ಬೆಯಲ್ಲಿ ಸಂತ ಫಿಲೋಮಿನಾ ಕಾಲೇಜು ಆರಂಭವಾದದ್ದು 1958ರಲ್ಲಿ. ಆ ವರ್ಷ ವಿದ್ಯಾರ್ಥಿಯೊಬ್ಬ ‘ಲಿಂಫೋಸೈಟ್ ಎಂಬ ಬಿಳಿ ರಕ್ತಕಣಕ್ಕೆ ಏನು ಕೆಲಸ?’ ಎಂದು ಕೇಳಿದ್ದರೆ, ಜಗತ್ತಿನ ಯಾವ ಪ್ರಯೋಗಾಲಯದಲ್ಲೂ ಖಚಿತ ಉತ್ತರ ಸಿಗುತ್ತಿರಲಿಲ್ಲ. ಆ ಕಾಲೇಜಿನ ಆಯುಸ್ಸಿನೊಳಗೇ ಇಡೀ ರೋಗನಿರೋಧಕ ವಿಜ್ಞಾನ ಹೊಸದಾಗಿ ಬರೆಯಲ್ಪಟ್ಟಿದೆ. ಅದರಲ್ಲೊಂದು ಅಧ್ಯಾಯ ಶುರುವಾದದ್ದು ಬೇಡದ ಒಂದು ಅಂಕಿಯಿಂದ.

1960ರ ದಶಕ ಮುಗಿಯುವ ಹೊತ್ತಿಗೆ ಟಿ ಮತ್ತು ಬಿ ಎಂಬ ಎರಡು ಬಗೆಯ ಲಿಂಫೋಸೈಟ್‌ಗಳು ಗೊತ್ತಾಗಿದ್ದವು. ಎರಡೂ ಶತ್ರುವನ್ನು ಒಮ್ಮೆ ಕಂಡು, ಕಲಿತು, ಆಮೇಲೆ ಬಲವಾಗಿ ಹೋರಾಡುವವು. ಕ್ಯಾನ್ಸರ್ ವಿರುದ್ಧ ಅವು ಹೇಗೆ ಕಲಿಯುತ್ತವೆಂದು ನೋಡಲು ವಿಜ್ಞಾನಿಗಳು ಗಡ್ಡೆಯ ಕೋಶಗಳಿಗೆ ವಿಕಿರಣಶೀಲ ಕ್ರೋಮಿಯಂ ತುಂಬಿ, ಅವನ್ನು ಇಲಿಯ ಲಿಂಫೋಸೈಟ್‌ಗಳೊಡನೆ ಬೆರೆಸುತ್ತಿದ್ದರು. ಕೋಶ ಸತ್ತರೆ ಕ್ರೋಮಿಯಂ ಹೊರಗೆ ಸೋರುತ್ತದೆ. ಸೋರಿದ್ದನ್ನು ಅಳೆದರೆ ಸತ್ತವುಗಳ ಲೆಕ್ಕ ಸಿಗುತ್ತದೆ.

ತೊಂದರೆ ಒಂದೇ. ಹೋಲಿಕೆಗೆಂದು ಇಟ್ಟಿದ್ದ, ಆ ಗಡ್ಡೆಯನ್ನು ಎಂದೂ ಕಾಣದ ಇಲಿಗಳ ಕೋಶಗಳೂ ಕೊಲ್ಲುತ್ತಿದ್ದವು. ಬಹಳ ಮಂದಿ ಇದನ್ನು ಪ್ರಯೋಗದ ಗದ್ದಲವೆಂದು ತಿಳಿದು ಲೆಕ್ಕದಿಂದ ಕಳೆದರು. ಕಳೆಯುವ ಬದಲು ಅದನ್ನೇ ಬೆನ್ನಟ್ಟಿದವರು ಅಮೆರಿಕದ ರೊನಾಲ್ಡ್ ಹರ್ಬರ್ಮನ್, ಸ್ವೀಡನ್ನಿನ ರಾಲ್ಫ್ ಕೀಸ್ಲಿಂಗ್, ಇವಾ ಕ್ಲೈನ್ ಮತ್ತು ಹಾನ್ಸ್ ವಿಗ್ಸೆಲ್. 1975ರಲ್ಲಿ ಇವರ ಪ್ರಬಂಧಗಳು ಬಂದವು. ಪಾಠವಿಲ್ಲದೆಯೇ ಕೊಲ್ಲಬಲ್ಲ ಈ ಕೋಶಕ್ಕೆ ‘ನ್ಯಾಚುರಲ್ ಕಿಲ್ಲರ್’ ಎಂಬ ಹೆಸರಾಯಿತು.

ಕಲಿಯದ ಕೋಶಕ್ಕೆ ಶತ್ರು ಯಾರೆಂದು ತಿಳಿಯುವುದು ಹೇಗೆ? ಉತ್ತರ ಕೊಟ್ಟವರು ಸ್ಟಾಕ್‌ಹೋಮಿನ ಕ್ಲಾಸ್ ಕ್ಯಾರೆ. ನಮ್ಮ ತೋಟಗಳ ನಡುವೆ ಚದುರಿದ ಮನೆಗಳನ್ನು ನೆನೆಯಿರಿ. ಸಂಜೆಯಾದರೂ ಒಂದು ಮನೆಯಲ್ಲಿ ದೀಪ ಕಾಣದಿದ್ದರೆ ನೆರೆಯವರು ವಿಚಾರಿಸಲು ಹೋಗುತ್ತಾರೆ. ದೇಹದ ಬಹುತೇಕ ಕೋಶಗಳ ಮೇಲೂ ‘ನಾನು ಇಲ್ಲಿಯವನು’ ಎನ್ನುವ ಎಂಎಚ್‌ಸಿ ಪ್ರೋಟೀನಿನ ಗುರುತಿದೆ. ಟಿ ಕೋಶಗಳಿಗೆ ಸುಳಿವು ಸಿಗಬಾರದೆಂದು ಕೆಲವು ವೈರಸ್ಸುಗಳೂ ಕ್ಯಾನ್ಸರ್ ಕೋಶಗಳೂ ಈ ಗುರುತನ್ನೇ ಅಡಗಿಸುತ್ತವೆ. ದೀಪ ಆರಿದ ಆ ಮನೆಗೆ ಬರುವುದು ನ್ಯಾಚುರಲ್ ಕಿಲ್ಲರ್ ಕೋಶ. ವ್ಯತ್ಯಾಸವೆಂದರೆ ಅದು ಬರುವುದು ಕೊಲ್ಲಲು: ಪರ್ಫೋರಿನ್‌ನಿಂದ ರಂಧ್ರ ಕೊರೆದು, ಗ್ರಾನ್‌ಜೈಮ್‌ಗಳನ್ನು ಒಳಗೆ ಬಿಡುತ್ತದೆ. 1986ರಲ್ಲಿ ಕ್ಯಾರೆ ಮತ್ತು ಸಂಗಡಿಗರು, ಗುರುತು ಕಳೆದುಕೊಂಡ ಗಡ್ಡೆಯ ಕೋಶಗಳನ್ನು ಇಲಿಗಳು ತಿರಸ್ಕರಿಸುವುದನ್ನು ತೋರಿಸಿದರು.

ಇಲಿಯ ಮಾತು ಮನುಷ್ಯರಿಗೂ ಸಲ್ಲುತ್ತದೆಯೇ? 1989ರಲ್ಲಿ ಹದಿಹರೆಯದ ಹುಡುಗಿಯೊಬ್ಬಳ ವರದಿ ಪ್ರಕಟವಾಯಿತು. ಅವಳಲ್ಲಿ ಟಿ, ಬಿ ಕೋಶಗಳಿದ್ದವು, ಈ ಕೋಶಗಳಿರಲಿಲ್ಲ. ಸಾಮಾನ್ಯ ಮಕ್ಕಳು ಗೆದ್ದು ಬರುವ ಸೀತಾಳೆ ಸಿಡುಬಿನಂಥ ಹರ್ಪಿಸ್ ಗುಂಪಿನ ಸೋಂಕುಗಳು ಅವಳನ್ನು ಪ್ರಾಣಾಪಾಯಕ್ಕೆ ದೂಡಿದ್ದವು.

ಗದ್ದಲವೆಂದು ಕಳೆದುಹಾಕಿದ್ದ ಅಂಕಿಯ ಬೆಲೆ ಆ ಹುಡುಗಿಯ ಮೈಯಲ್ಲಿ ಕಂಡಿತು. ಇಂದು ಇದೇ ಕೋಶಗಳಿಂದ ಕ್ಯಾನ್ಸರ್ ಚಿಕಿತ್ಸೆ ರೂಪಿಸುವ ಪ್ರಯತ್ನ ನಡೆದಿದೆ. ಪ್ರಾಕ್ಟಿಕಲ್ ಪುಸ್ತಕದಲ್ಲಿ ಅಂಕಿ ಹೊಂದದಾಗ ‘ಎರರ್’ ಎಂದು ಬರೆದು ಮುಂದಿನ ಪುಟಕ್ಕೆ ಹೋಗುವ ಮೊದಲು, ಪ್ರಯೋಗವನ್ನು ಇನ್ನೊಮ್ಮೆ ಮಾಡಿ ನೋಡುವುದು ಒಳ್ಳೆಯದು.